ಮೂರು ಮಹಡಿಯ ಮಳಿಗೆಯಲ್ಲಿ ಒಂದು ಎಸಿ ಕೊಳ್ಳುವುದು

ಕಾರವಾರದಲ್ಲಿ ಹೆದ್ದಾರಿಗೆ ಮುಖಮಾಡಿ ನಿಂತಿರುವ ಮೂರು ಮಹಡಿಯ ಎಲೆಕ್ಟ್ರಾನಿಕ್ಸ್ ಮಳಿಗೆಯೊಂದರ ವಿಮರ್ಶೆ ಇದು. ಅದರ ಹೆಸರನ್ನು ಬರೆಯುತ್ತಿಲ್ಲ. ಇಲ್ಲಿ ಹೇಳಲಿರುವ ಕೊರತೆಗಳು ಅದೊಂದರವೇ ಅಲ್ಲ, ಅಂಕೋಲಾ, ಕುಮಟಾ, ಶಿರಸಿಗಳಲ್ಲಿ ಇಂಥ ಅಂಗಡಿಗಳನ್ನು ಹತ್ತಿಳಿದವರೂ ಇವನ್ನು ಸುಲಭವಾಗಿ ಗುರುತಿಸಬಲ್ಲರು. ಕೋಡಿಬಾಗದ ನಮ್ಮ ಮನೆಗೆ ನಾನು ಅಲ್ಲಿಂದ ಒಂದೂವರೆ ಟನ್ನಿನ ಎಸಿಯೊಂದನ್ನು ಕೊಂಡೆ. ವಾಷಿಂಗ್ ಮಷಿನ್ ವಿಚಾರಿಸಿ, ಕೊಳ್ಳದೆ ಬಂದೆ. ಇಂಥ ಮಳಿಗೆಗಳ ವ್ಯಾಪಾರವನ್ನು ಆನ್‌ಲೈನ್ ನುಂಗುತ್ತಿದೆ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತಿದೆ, ಅದಕ್ಕೆ ಬೆಲೆಯೇ ಕಾರಣವೆಂದು ಮಳಿಗೆಯವರೂ ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದು ಅರ್ಧ ಕಾರಣ. ಮಾರುವ ವಸ್ತುವಿನ ವಿಷಯದಲ್ಲಿ ಈ ಊರಿನ ಗಿರಾಕಿಗೆ ನಾಲ್ಕು ಉಪಯುಕ್ತ ಮಾತು ಹೇಳಬಲ್ಲ ಮನುಷ್ಯ ಆ ಮೂರು ಮಹಡಿಗಳಲ್ಲಿ ಎಲ್ಲಿಯೂ ಇಲ್ಲದಿರುವುದು ಉಳಿದರ್ಧ.

ನೆಲಮಹಡಿಯಲ್ಲಿ ಮೊಬೈಲುಗಳಿವೆ, ಅಥವಾ ಇದ್ದವು ಎನ್ನಬೇಕು. ಉದ್ದನೆಯ ಗಾಜಿನ ಕೌಂಟರುಗಳಲ್ಲಿ ಈಗ ಅರ್ಧದಷ್ಟು ಜಾಗವನ್ನು ಕವರು, ಚಾರ್ಜರು, ಇಯರ್‌ಫೋನುಗಳು ತುಂಬಿಕೊಂಡಿವೆ. ಇದಕ್ಕೆ ಮಳಿಗೆಯನ್ನು ದೂರುವುದು ನ್ಯಾಯವಲ್ಲ. 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರುತ್ತ ಆರಂಭವಾದ ಫ್ಲಿಪ್‌ಕಾರ್ಟ್, 2013ರ ಜೂನ್‌ನಲ್ಲಿ ಭಾರತಕ್ಕೆ ಬಂದ ಅಮೆಜಾನ್, ಇವೆರಡೂ ಮೊದಲು ಕೈಯಿಟ್ಟ ದೊಡ್ಡ ವ್ಯಾಪಾರಗಳಲ್ಲಿ ಮೊಬೈಲು ಮುಖ್ಯವಾದದ್ದು. 2014ರ ಫೆಬ್ರವರಿಯಲ್ಲಿ ಮೋಟೊ ಜಿ, ಅದೇ ವರ್ಷ ಜುಲೈನಲ್ಲಿ ಶಿಯೋಮಿಯ ಎಂಐ 3 ಫ್ಲಿಪ್‌ಕಾರ್ಟ್‌ನಲ್ಲಿ ಮಾತ್ರ ಮಾರಾಟಕ್ಕೆ ಬಂದವು. ಅಂದರೆ ಅಂಗಡಿಯವನು ಎಷ್ಟೇ ಕಡಿಮೆ ಲಾಭಕ್ಕೆ ಒಪ್ಪಿದರೂ ಜನ ಕೇಳುತ್ತಿದ್ದ ಫೋನು ಅವನ ಕೈಗೆ ಸಿಗುತ್ತಲೇ ಇರಲಿಲ್ಲ. ವಿದೇಶಿ ಬಂಡವಾಳವಿರುವ ಆನ್‌ಲೈನ್ ಮಾರುಕಟ್ಟೆಗಳು ಕಂಪನಿಗಳನ್ನು ಹೀಗೆ ತಮ್ಮಲ್ಲಿಯೇ ಮಾರುವಂತೆ ಕಟ್ಟಿಹಾಕಬಾರದೆಂಬ ನಿಯಮ ಜಾರಿಗೆ ಬಂದದ್ದು 2019ರ ಫೆಬ್ರವರಿ 1ರಂದು. ಅಷ್ಟರೊಳಗೆ ಫೋನನ್ನು ಫೋನಿನಲ್ಲಿಯೇ ಕೊಳ್ಳುವುದು ಜನರಿಗೆ ಅಭ್ಯಾಸವಾಗಿಹೋಗಿತ್ತು.

ಮೊದಲ ಮಹಡಿ ಟಿವಿಗಳದು. ಎಲ್ಲವೂ ಒಂದೇ ವಿಡಿಯೊವನ್ನು, ಕಣ್ಣು ಕುಕ್ಕುವಷ್ಟು ಬೆಳಕು ಏರಿಸಿ ತೋರಿಸುತ್ತವೆ. ಯಾವುದರ ಚಿತ್ರ ಚೆನ್ನಾಗಿದೆ ಎಂದು ತಿಳಿಯಬೇಕಾದರೆ ನಮ್ಮ ಮನೆಯ ಕೇಬಲ್ಲಿನ ವಾರ್ತೆಯನ್ನೋ ಕ್ರಿಕೆಟ್ಟನ್ನೋ ಹಾಕಿಸಿ ನೋಡಬೇಕು. ಹಾಗೆ ಕೇಳಿದರೆ ಹಾಕುತ್ತಾರೆ, ಬೇಸರಿಸುವುದಿಲ್ಲ. ಬೆಲೆಯನ್ನು ಆನ್‌ಲೈನ್ ಜೊತೆ ಹೋಲಿಸುವುದು ಮಾತ್ರ ಇಲ್ಲಿ ಕಷ್ಟ. ಅನೇಕ ಕಂಪನಿಗಳು ಅಂಗಡಿಗೊಂದು, ಆನ್‌ಲೈನಿಗೊಂದು ಎಂದು ಬೇರೆ ಬೇರೆ ಮಾದರಿ ಸಂಖ್ಯೆ ಕೊಡುತ್ತವೆ. ಹೊರಗಿನ ರೂಪ ಒಂದೇ ಇದ್ದರೂ ಒಳಗಿನ ಪರದೆ, ಸ್ಪೀಕರು, ಪೋರ್ಟುಗಳ ಸಂಖ್ಯೆ ಒಂದೇ ಇರಬೇಕೆಂದೇನೂ ಇಲ್ಲ.

ನಾನು ಹೆಚ್ಚು ಹೊತ್ತು ಕಳೆದದ್ದು ಮೇಲಿನ ಮಹಡಿಯಲ್ಲಿ. ಫ್ರಿಜ್, ವಾಷಿಂಗ್ ಮಷಿನ್, ಎಸಿಗಳೆಲ್ಲ ಅಲ್ಲಿವೆ. ಮೆಟ್ಟಿಲು ಹತ್ತಿ ಮುಗಿಯುವಷ್ಟರಲ್ಲಿ ಬಣ್ಣಬಣ್ಣದ ಟೀಶರ್ಟು ತೊಟ್ಟ ಹುಡುಗರು ಎದುರುಗೊಳ್ಳುತ್ತಾರೆ. ಅವರು ಮಳಿಗೆಯ ನೌಕರರಲ್ಲ. ಆಯಾ ಕಂಪನಿಯ ಪ್ರಮೋಟರುಗಳು. ಸಂಬಳ, ಗುರಿ, ಕಮಿಷನ್ ಎಲ್ಲವೂ ಕಂಪನಿಯಿಂದ ಬರುತ್ತವೆ. ಹೀಗಾಗಿ ಒಬ್ಬನ ಬಳಿ ಕೇಳಿದರೆ ಅವನ ಕಂಪನಿಯ ಎಸಿಯಷ್ಟು ಒಳ್ಳೆಯದು ಇನ್ನೊಂದಿಲ್ಲ, ಎರಡು ಹೆಜ್ಜೆ ಆಚೆ ಹೋದರೆ ಇನ್ನೊಬ್ಬನದರಷ್ಟು ಒಳ್ಳೆಯದಿಲ್ಲ. ಮಳಿಗೆಯ ಮಾಲೀಕರಿಗೆ ಇದರಿಂದ ಸಂಬಳದ ಹಣ ಉಳಿಯುತ್ತದೆ, ನಿಜ. ಗಿರಾಕಿಗೆ ಮಾತ್ರ ಎರಡು ಕಂಪನಿಗಳ ವಸ್ತುಗಳನ್ನು ಪಕ್ಕಪಕ್ಕ ಇಟ್ಟು ತೂಗಿ ನೋಡಬಲ್ಲ ಒಬ್ಬನೇ ಒಬ್ಬ ಸಿಗುವುದಿಲ್ಲ. ಹಾಗೆ ತೂಗಿ ನೋಡುವುದಕ್ಕೆಂದೇ ಜನ ಒಂದು ಕಾಲಕ್ಕೆ ಇಂಥ ಮಳಿಗೆಗಳಿಗೆ ಹೋಗುತ್ತಿದ್ದರು.

ನನ್ನ ಮೊದಲ ಪ್ರಶ್ನೆ ಉಪ್ಪುಗಾಳಿಯದಾಗಿತ್ತು. ಸಮುದ್ರದಿಂದ ಕೂಗಳತೆಯಲ್ಲಿರುವ ಯಾವ ಮನೆಗಾದರೂ ಎಸಿ ಕೊಳ್ಳುವಾಗ ಕೇಳಲೇಬೇಕಾದ ಪ್ರಶ್ನೆ ಇದು. ಮನೆಯ ಹೊರಗೆ ಕೂರುವ ಔಟ್‌ಡೋರ್ ಯೂನಿಟ್ಟಿನಲ್ಲಿ ತಾಮ್ರದ ಕೊಳವೆಗಳಿಗೆ ಅಲ್ಯೂಮಿನಿಯಂನ ತೆಳುವಾದ ರೆಕ್ಕೆಗಳನ್ನು ಪೋಣಿಸಿರುತ್ತಾರೆ, ಶಾಖವನ್ನು ಹೊರಹಾಕುವ ಈ ಭಾಗವೇ ಕಂಡೆನ್ಸರ್. ಉಪ್ಪಿನ ತೇವ ಈ ಎರಡು ಲೋಹಗಳು ಕೂಡುವಲ್ಲಿ ಕುಳಿತರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ. ರೆಕ್ಕೆಗಳು ಬಿಳಿಯ ಪುಡಿಯಾಗಿ ಉದುರತೊಡಗುತ್ತವೆ, ಶಾಖ ಹೊರಗೆ ಹೋಗದೆ ಕಂಪ್ರೆಸರಿನ ಮೇಲೆ ಹೊರೆ ಬೀಳುತ್ತದೆ, ಕರೆಂಟು ಬಿಲ್ಲು ಏರುತ್ತದೆ, ಕೊನೆಗೊಂದು ದಿನ ಎಲ್ಲೋ ತೂತಾಗಿ ಗ್ಯಾಸು ಸೋರಿ ಹೋಗುತ್ತದೆ. ಪೂರ್ತಿ ಅಲ್ಯೂಮಿನಿಯಂ ಕಂಡೆನ್ಸರ್ ಇರುವ ಅಗ್ಗದ ಮಾದರಿಗಳಲ್ಲಿ ಇನ್ನೊಂದು ತೊಂದರೆಯಿದೆ: ಕೊಳವೆ ತೂತಾದರೆ ಊರಿನ ಮೆಕ್ಯಾನಿಕ್ಕು ತಾಮ್ರಕ್ಕೆ ಹಾಕಿದಷ್ಟು ಸುಲಭವಾಗಿ ಅದಕ್ಕೆ ಬೆಸುಗೆ ಹಾಕಲಾರ, ಬಹಳ ಸಲ ಕಂಡೆನ್ಸರನ್ನೇ ಬದಲಿಸಬೇಕಾಗುತ್ತದೆ. ಆದ್ದರಿಂದ ಕಂಡೆನ್ಸರ್ ತಾಮ್ರದ್ದೇ, ರೆಕ್ಕೆಗಳ ಮೇಲೆ ತುಕ್ಕು ತಡೆಯುವ ನೀಲಿ ಅಥವಾ ಚಿನ್ನದ ಬಣ್ಣದ ಲೇಪನವಿದೆಯೇ, ಇದ್ದರೆ ಅದು ಹೊರಗಿನ ಯೂನಿಟ್ಟಿಗೂ ಇದೆಯೋ ಒಳಗಿನದಕ್ಕೆ ಮಾತ್ರವೋ ಎಂಬುದನ್ನು ತಿಳಿದುಕೊಂಡೇ ಹಣ ಕೊಡಬೇಕು. ನಾನು ಕೇಳಿದ ಪ್ರಮೋಟರುಗಳಲ್ಲಿ ಒಬ್ಬ, ‘ಕಾಪರ್ ಹಂಡ್ರೆಡ್ ಪರ್ಸೆಂಟ್ ಮೇಡಂ’ ಎಂದು ಅಂಟಿಸಿದ್ದ ಚೀಟಿಯನ್ನು ಓದಿದ. ಲೇಪನದ ಮಾತಿಗೆ ಮೊಬೈಲು ತೆಗೆದು ಹುಡುಕತೊಡಗಿದ. ಮೊಬೈಲಿನಲ್ಲಿ ಹುಡುಕುವುದಾದರೆ ಮನೆಯಲ್ಲಿಯೇ ಕುಳಿತು ಹುಡುಕಬಹುದಿತ್ತು.

ಎರಡನೆಯ ಪ್ರಶ್ನೆ ನಕ್ಷತ್ರಗಳದು. ಎಸಿ ಎಷ್ಟು ಕರೆಂಟು ಉಳಿಸುತ್ತದೆಂದು ನಕ್ಷತ್ರಗಳಲ್ಲಿ ತೋರಿಸುವ ಬಿಇಇ (ಕೇಂದ್ರ ಸರಕಾರದ ಇಂಧನ ದಕ್ಷತಾ ಸಂಸ್ಥೆ) ಪಟ್ಟಿಯಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತಾರಲ್ಲ, ಅದು ವರ್ಷಕ್ಕೆ 1600 ತಾಸು ಎಸಿ ಓಡುತ್ತದೆಂದು ಹಿಡಿದ ಲೆಕ್ಕ. ನಮ್ಮ ಮನೆಯಲ್ಲಿ ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ರಾತ್ರಿ ಮಾತ್ರ ಹಾಕುವವರು. 100 ರಾತ್ರಿ, ರಾತ್ರಿಗೆ 8 ತಾಸು ಎಂದರೂ 800 ತಾಸು, ಪಟ್ಟಿಯ ಅರ್ಧ. ಹಾಗಾದರೆ ಮೂರು ನಕ್ಷತ್ರದ್ದಕ್ಕೂ ಐದು ನಕ್ಷತ್ರದ್ದಕ್ಕೂ ಪಟ್ಟಿಯಲ್ಲಿ ಕಾಣುವ ಯೂನಿಟ್ಟುಗಳ ಅಂತರವನ್ನು ಅರ್ಧ ಮಾಡಿ, ಹೆಸ್ಕಾಂ ಬಿಲ್ಲಿನ ದರದಿಂದ ಗುಣಿಸಿದರೆ, ಐದು ನಕ್ಷತ್ರಕ್ಕೆ ಹೆಚ್ಚು ಕೊಟ್ಟ ಹಣ ಎಷ್ಟು ವರ್ಷದಲ್ಲಿ ಮರಳುತ್ತದೆಂದು ಹೇಳಬಹುದು. ದಿನವಿಡೀ ಎಸಿ ಓಡುವ ಕಚೇರಿಗೋ ದವಾಖಾನೆಗೋ ಉತ್ತರವೇ ಬೇರೆ. ಇಷ್ಟು ಲೆಕ್ಕವನ್ನು ಕಾಗದದ ತುಂಡಿನ ಮೇಲೆ ಮಾಡಿ ತೋರಿಸುವ ಸೇಲ್ಸ್‌ಮನ್ ಇದ್ದಿದ್ದರೆ ಬೆಲೆಯಲ್ಲಿ ಸಾವಿರ ರೂಪಾಯಿ ಹೆಚ್ಚಾದರೂ ನಾನು ಅವನಿಂದಲೇ ಕೊಳ್ಳುತ್ತಿದ್ದೆ. ಇಲ್ಲಿ ಎಲ್ಲರೂ ಐದು ನಕ್ಷತ್ರದ್ದನ್ನೇ ತೋರಿಸಿದರು, ಯಾರೂ ಎಷ್ಟು ತಾಸು ಹಾಕುತ್ತೀರಿ ಎಂದು ಕೇಳಲಿಲ್ಲ.

ವಾಷಿಂಗ್ ಮಷಿನ್ ಬಿಟ್ಟು ಬಂದದ್ದು ಹೆಚ್ಚುಕಡಿಮೆ ಇದೇ ಕಾರಣಕ್ಕೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಆ ನಾಲ್ಕು ತಿಂಗಳು ಬಟ್ಟೆ ತೊಳೆಯುವುದು ತೊಂದರೆಯಲ್ಲ, ಒಣಗಿಸುವುದು ತೊಂದರೆ. ಮೇಲಿನಿಂದ ಬಟ್ಟೆ ಹಾಕುವ ಯಂತ್ರಗಳಲ್ಲಿ ಹಿಂಡುವ ವೇಗ ಸಾಮಾನ್ಯವಾಗಿ ನಿಮಿಷಕ್ಕೆ 700 ಸುತ್ತಿನ ಹತ್ತಿರ ಇರುತ್ತದೆ. ಮುಂದಿನಿಂದ ಹಾಕುವವುಗಳಲ್ಲಿ 1200, 1400ರವರೆಗೂ ಇರುತ್ತದೆ. ಹಗ್ಗದ ಮೇಲೆ ಬಟ್ಟೆ ಒಂದು ದಿನದಲ್ಲಿ ಒಣಗುತ್ತದೋ, ಮೂರನೆಯ ದಿನಕ್ಕೂ ಮುಗ್ಗುವಾಸನೆ ಬರುತ್ತದೋ ಎಂಬುದನ್ನು ಬಹುಮಟ್ಟಿಗೆ ಈ ಅಂಕಿ ನಿರ್ಧರಿಸುತ್ತದೆ. ಮುಂದಿನಿಂದ ಹಾಕುವ ಯಂತ್ರಕ್ಕೆ ನಲ್ಲಿಯ ನೀರಿಗೆ ಸಾಕಷ್ಟು ಒತ್ತಡ ಬೇಕು. ಹಳೆಯ ಹಂಚಿನ ಮನೆಗಳಲ್ಲಿ ಟಾಕಿ ಬಚ್ಚಲಮನೆಯ ಮೇಲೆಯೇ ತಗ್ಗಿನಲ್ಲಿ ಇರುವುದರಿಂದ ನೀರು ತುಂಬಲು ತಡವಾಗಿ ಯಂತ್ರ ದೋಷ ತೋರಿಸಿ ನಿಂತುಬಿಡುತ್ತದೆ. ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಬಿಳಿ ಬಟ್ಟೆಯ ಕಥೆ ಬೇರೆಯೇ. ಟಾಕಿ ಎಲ್ಲಿದೆ, ನೀರು ಬಾವಿಯದೋ ನಗರಸಭೆಯದೋ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಕರಾವಳಿಯಲ್ಲಿ ವಾಷಿಂಗ್ ಮಷಿನ್ ಮಾರುವುದು ಹೇಗೆಂದು ನನಗೆ ಅರ್ಥವಾಗಲಿಲ್ಲ. ನನಗೆ ಹೇಳಿದ್ದು ಮೊಬೈಲಿನಿಂದ ಯಂತ್ರವನ್ನು ನಡೆಸುವ ಸೌಲಭ್ಯದ ಬಗ್ಗೆ. ಯಂತ್ರ ಅಡುಗೆಮನೆಯ ಹಿಂದೆಯೇ ಇರುವಾಗ ಅದರ ಅಗತ್ಯ ಯಾರಿಗಿದೆಯೋ.

ನನ್ನ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಎಸಿ ಕೂಡಿಸಲು ಬಂದ ಹುಡುಗನಿಂದ. ಅವನು ಮಳಿಗೆಯ ನೌಕರನೂ ಅಲ್ಲ, ಕಂಪನಿಯ ನೌಕರನೂ ಅಲ್ಲ. ಇಷ್ಟು ಎಸಿಗೆ ಇಷ್ಟು ಎಂದು ಹಣ ಪಡೆಯುವ ಗುತ್ತಿಗೆಯ ಕೆಲಸಗಾರ. ಬಂದವನೇ ಗೋಡೆ ನೋಡಿ, ‘ಅಕ್ಕಾ, ಹೊರಗಿನ ಯೂನಿಟ್ಟು ಪಡುವಣ ಗೋಡೆಗೆ ಬೇಡ, ಗಾಳಿ ನೇರ ಬಡೀತದೆ’ ಎಂದ. ಪೂರ್ವದ ಗೋಡೆಗೆ ಕೂಡಿಸಿದರೆ ಪೈಪು ಉದ್ದವಾಗುತ್ತದೆ, ಉಚಿತವಾಗಿ ಬರುವ ಮೂರು ಮೀಟರಿನ ಮೇಲೆ ಪ್ರತಿ ಮೀಟರಿಗೂ ಹಣ ಬೀಳುತ್ತದೆ, ಆದರೂ ಲಾಭ ಅದರಲ್ಲಿಯೇ ಇದೆ ಎಂದು ವಿವರಿಸಿದ. ಕಬ್ಬಿಣದ ಸ್ಟ್ಯಾಂಡಿಗೆ ಕೂಡಿಸುವ ಮೊದಲೇ ಇನ್ನೊಂದು ಕೈ ಬಣ್ಣ ಹೊಡೆಸಬೇಕು, ಬೇಸಿಗೆ ಮುಗಿಯುವ ಹೊತ್ತಿಗೆ ಮುಖ್ಯ ಸ್ವಿಚ್ಚು ಆರಿಸಿ ಹೊರಗಿನ ರೆಕ್ಕೆಗಳ ಮೇಲೆ ಸಿಹಿನೀರನ್ನು ಮೆಲ್ಲಗೆ ಬಿಟ್ಟು ಉಪ್ಪು ತೊಳೆಯಬೇಕು, ರಭಸದ ಪೈಪು ಹಿಡಿದರೆ ರೆಕ್ಕೆ ಬಾಗುತ್ತದೆ ಎಂದೂ ಹೇಳಿದ. ಈ ಎಲ್ಲ ತಿಳಿವಳಿಕೆ ಮಳಿಗೆಯ ಗೋದಾಮಿನ ಬಾಗಿಲಲ್ಲಿ ದಿನವೂ ಬಂದು ನಿಲ್ಲುತ್ತದೆ, ಮೇಲಿನ ಮಹಡಿಗೆ ಹತ್ತುವುದಿಲ್ಲ. ಗಿರಾಕಿ ಹಣ ಕೊಟ್ಟ ಮೇಲೆ ಅದು ಅವರ ಮನೆಗೆ ತಲುಪುತ್ತದೆ. ಆಗ ಮಾದರಿ ಬದಲಿಸುವಂತಿಲ್ಲ.

ಅಮೆರಿಕದ ಸರ್ಕ್ಯೂಟ್ ಸಿಟಿಯ ಕಥೆಯನ್ನು ಇಲ್ಲಿ ನೆನೆಯದೆ ಇರಲಾಗದು. ದೇಶದ ಎರಡನೆಯ ದೊಡ್ಡ ಎಲೆಕ್ಟ್ರಾನಿಕ್ಸ್ ಮಳಿಗೆಗಳ ಸರಣಿ ಎನಿಸಿದ್ದ ಅದು 2000ದಲ್ಲಿ ಫ್ರಿಜ್, ವಾಷಿಂಗ್ ಮಷಿನ್‌ನಂಥ ದೊಡ್ಡ ಯಂತ್ರಗಳ ಮಾರಾಟವನ್ನೇ ಕೈಬಿಟ್ಟಿತು. 2007ರ ಮಾರ್ಚ್‌ನಲ್ಲಿ ಸಂಬಳ ಹೆಚ್ಚಾಯಿತೆಂಬ ಕಾರಣಕ್ಕೆ ಸುಮಾರು 3,400 ಮಾರಾಟಗಾರರನ್ನು ಒಂದೇ ಸಲಕ್ಕೆ ಮನೆಗೆ ಕಳಿಸಿ, ಕಡಿಮೆ ಸಂಬಳದ ಹೊಸಬರನ್ನು ಆ ಜಾಗಗಳಿಗೆ ತರುವುದಾಗಿ ಹೇಳಿತು. ಸಂಬಳ ಹೆಚ್ಚಿದ್ದವರೆಂದರೆ ಬಹುಪಾಲು ಹಳಬರು, ಅಂದರೆ ವಸ್ತುವನ್ನು ಬಲ್ಲವರು. 2008ರ ನವೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, 2009ರ ಮಾರ್ಚ್‌ನಲ್ಲಿ ಕೊನೆಯ ಮಳಿಗೆಗಳು ಮುಚ್ಚಿದವು. ಆ ವೇಳೆಗೆ ಆರ್ಥಿಕ ಕುಸಿತವೂ ಬಂದಿತ್ತು, ಸಾಲ ಹುಟ್ಟುತ್ತಿರಲಿಲ್ಲ, ಎಲ್ಲವನ್ನೂ ಆ ಒಂದು ನಿರ್ಧಾರದ ತಲೆಗೆ ಕಟ್ಟುವುದು ಸರಿಯಲ್ಲ. ಆದರೆ ಅದರ ಪ್ರತಿಸ್ಪರ್ಧಿ ಬೆಸ್ಟ್ ಬೈ ಇಂದಿಗೂ ಉಳಿದಿದೆ. ಜನ ಅಂಗಡಿಯಲ್ಲಿ ನೋಡಿ ಅಮೆಜಾನ್‌ನಲ್ಲಿ ಕೊಳ್ಳುತ್ತಾರೆಂದು ಎಲ್ಲರೂ ಅದರ ಆಸೆ ಬಿಟ್ಟಿದ್ದ 2012ರಲ್ಲಿ ಮುಖ್ಯಸ್ಥರಾಗಿ ಬಂದ ಹುಬರ್ಟ್ ಜೋಲಿ, ಆನ್‌ಲೈನ್ ಬೆಲೆಯನ್ನೇ ಅಂಗಡಿಯಲ್ಲಿ ಕೊಡುವ ಭರವಸೆಯ ಜೊತೆಗೆ ಮಾರಾಟಗಾರರ ತರಬೇತಿಗೂ ಹಣ ಹಾಕಿಸಿದರು. ಮನೆಗೆ ಬಂದು ಕೂಡಿಸಿ ದುರಸ್ತಿ ಮಾಡಿಕೊಡುವ ಗೀಕ್ ಸ್ಕ್ವಾಡ್ ಎಂಬ ತಂಡ ಮೊದಲೇ ಅವರ ಕೈಯಲ್ಲಿತ್ತು. ಬೆಲೆ ಸರಿಗಟ್ಟಿಸಿದ್ದಷ್ಟನ್ನೇ ನಮ್ಮ ಮಳಿಗೆಗಳು ಕಲಿತುಕೊಂಡಂತಿದೆ.

ಹೌದು, ಬೆಲೆಯನ್ನು ಇಲ್ಲಿ ಇಳಿಸುತ್ತಾರೆ. ಆನ್‌ಲೈನ್‌ನಲ್ಲಿ 34,990 ರೂಪಾಯಿ ತೋರಿಸುತ್ತಿದ್ದ ಎಸಿಗೆ ಮೊದಲು 38,500 ಹೇಳಿದರು. ಮೊಬೈಲು ತೋರಿಸಿದ ಮೇಲೆ ಮ್ಯಾನೇಜರರನ್ನು ಕೇಳಿಬಂದು 36,000ಕ್ಕೆ ನಿಂತರು. ಮೊಬೈಲು ತೋರಿಸಲು ಬಾರದ ಹಿರಿಯರು 38,500ನ್ನೇ ಕೊಟ್ಟು ಹೋಗುತ್ತಾರೆಂಬುದು ನನಗೆ ಸರಿಬರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಎಸಿ ಹಾಗೂ 32 ಇಂಚಿಗಿಂತ ದೊಡ್ಡ ಟಿವಿಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 30,000 ಬೆಲೆಯಿದ್ದ ವಸ್ತುವಿಗೆ ಇದರಿಂದ 3,000 ರೂಪಾಯಿ ಕಡಿಮೆಯಾಗಬೇಕು. ಗೋಡೆಯ ಮೇಲೆ ಇದನ್ನೇ ಮಳಿಗೆಯ ಕೊಡುಗೆಯೆಂಬಂತೆ ಬರೆದು ತೂಗುಹಾಕಿದ್ದರು, ಅದು ಸರಕಾರ ಇಳಿಸಿದ ತೆರಿಗೆ, ಆನ್‌ಲೈನ್‌ನಲ್ಲಿಯೂ ಅಷ್ಟೇ ಇಳಿದಿದೆ. ಇನ್ನು ಬಡ್ಡಿಯಿಲ್ಲದ ಕಂತು. ಶೂನ್ಯ ಬಡ್ಡಿ ಎಂಬುದೊಂದು ಇಲ್ಲವೇ ಇಲ್ಲವೆಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ಹೇಳಿದೆ. ಕಂತಿನ ಮೇಜಿನ ಮುಂದೆ ಕುಳಿತಾಗ ಕೇಳಬೇಕಾದದ್ದು ಇಷ್ಟೆ: ಪೂರ್ತಿ ಹಣ ಈಗಲೇ ಕೊಟ್ಟರೆ ಎಷ್ಟು, ಸಂಸ್ಕರಣಾ ಶುಲ್ಕ ಎಷ್ಟು. ಈ ಎರಡು ಅಂಕಿಗಳಲ್ಲಿ ಬಡ್ಡಿ ಎಲ್ಲಿ ಅಡಗಿದೆಯೆಂದು ಗೊತ್ತಾಗುತ್ತದೆ. ಆ ಮೇಜಿನ ಹುಡುಗಿ ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಟ್ಟಳು, ಅದನ್ನು ಮೆಚ್ಚಬೇಕು.

ಹಾಗಾದರೆ ಆನ್‌ಲೈನಿನಲ್ಲಿಯೇ ಏಕೆ ಕೊಳ್ಳಲಿಲ್ಲ? ದೊಡ್ಡ ಯಂತ್ರಗಳ ವಿಷಯದಲ್ಲಿ ನಮ್ಮ ಜಿಲ್ಲೆ ಆನ್‌ಲೈನಿನವರಿಗೆ ಇನ್ನೂ ಪೂರ್ತಿ ಒಲಿದಿಲ್ಲ. ಕಾರವಾರದ 581301ಕ್ಕೆ ಬರುವ ಫ್ರಿಜ್ಜು ಜೋಯಿಡಾದ ಒಳಹಳ್ಳಿಯ ಪಿನ್ ಕೋಡ್ ಹಾಕಿದರೆ ಬರುವುದಿಲ್ಲವೆನ್ನುತ್ತದೆ. ಬಂದರೂ ಹುಬ್ಬಳ್ಳಿಯಿಂದ ಘಟ್ಟ ಇಳಿದೋ, ಮಂಗಳೂರಿನ ಕಡೆಯಿಂದ ಹೆದ್ದಾರಿ 66ರಲ್ಲಿಯೋ ಬರಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಆ ಹೆದ್ದಾರಿಯ ಗತಿ ಏನಾಗಿತ್ತೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ದಾರಿಯಲ್ಲಿ ನಜ್ಜಾದ ಯಂತ್ರ ಬಂದರೆ ಮರಳಿಸಬಹುದು, ಆದರೆ ಮರಳಿ ಒಯ್ಯುವವರು ಬರುವವರೆಗೆ ಅದನ್ನು ಜಗಲಿಯಲ್ಲಿ ಇಟ್ಟುಕೊಂಡು ಕಾಯಬೇಕು. ಕಾನೂನಿನ ರಕ್ಷಣೆ ಮಾತ್ರ ಮೊದಲಿಗಿಂತ ಚೆನ್ನಾಗಿದೆ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ದೂರು ಬಂದ 48 ತಾಸಿನೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮಾರುವವರು ಎಲ್ಲಿಯವರೇ ಆಗಿರಲಿ, ನಾವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ನೋಡುವುದು ಒಳ್ಳೆಯದು.

ಮಳಿಗೆಯ ಪರವಾಗಿ ಹೇಳಬೇಕಾದ ಮಾತುಗಳೂ ಇವೆ. ಎಸಿ ಹೇಳಿದ ದಿನವೇ ಬಂತು. ಡಬ್ಬವನ್ನು ನಮ್ಮೆದುರಿಗೇ ಬಿಚ್ಚಿ, ಬಿಲ್ಲಿನ ಮೇಲಿನ ಸಂಖ್ಯೆಯೂ ಯಂತ್ರದ ಸಂಖ್ಯೆಯೂ ಒಂದೇ ಎಂದು ತೋರಿಸಿದರು. ಒಳಗಿನ ಯೂನಿಟ್ಟಿನಿಂದ ನೀರು ತೊಟ್ಟಿಕ್ಕತೊಡಗಿದಾಗ ನಾನು ಕಂಪನಿಯ ಸಹಾಯವಾಣಿಗೆ ಫೋನು ಮಾಡಿ, ಹಿಂದಿಗೆ ಒಂದು, ಇಂಗ್ಲಿಷಿಗೆ ಎರಡು ಎಂದು ಒತ್ತುತ್ತ ಕೂರಬೇಕಾಗಲಿಲ್ಲ. ಮಳಿಗೆಯ ಕೌಂಟರಿಗೆ ಫೋನು ಮಾಡಿ ತಾಯಿಯವರೇ ಕೊಂಕಣಿಯಲ್ಲಿ ಹೇಳಿದರು, ಮಳಿಗೆಯವರೇ ದೂರು ದಾಖಲಿಸಿ ಸಂಖ್ಯೆಯನ್ನು ಕಳಿಸಿದರು. ಎಪ್ಪತ್ತು ಕಿಲೋಮೀಟರ್ ದೂರದ ಮಡಗಾಂವ್‌ಗೆ ಹೋಗಿ ಅಗ್ಗಕ್ಕೆ ತಂದವರಿಗೂ ಆ್ಯಪಿನಲ್ಲಿ ತರಿಸಿದವರಿಗೂ ಈ ಅನುಕೂಲವಿಲ್ಲ. ವಿಚಿತ್ರವೆಂದರೆ ಮಳಿಗೆ ಇದನ್ನು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಗೋಡೆಯ ತುಂಬ ಶೇಕಡಾವಾರು ರಿಯಾಯಿತಿಗಳೇ ಇವೆ, ಆನ್‌ಲೈನಿನವರು ಇದಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಯಬಲ್ಲ ರಿಯಾಯಿತಿಗಳು.

ನನ್ನ ಶಿಫಾರಸು ಹೀಗಿದೆ. ಎಸಿ, ಫ್ರಿಜ್, ಇನ್ವರ್ಟರ್ ಬ್ಯಾಟರಿಗಳನ್ನು, ಅಂದರೆ ಕೂಡಿಸುವವನೂ ದುರಸ್ತಿಯವನೂ ಬೇಕಾಗುವ ವಸ್ತುಗಳನ್ನು ಇಲ್ಲಿ ಕೊಳ್ಳಬಹುದು, ಆದರೆ ಮಾದರಿ ಯಾವುದೆಂದು ಮನೆಯಲ್ಲಿಯೇ ತೀರ್ಮಾನಿಸಿ ಹೋಗಬೇಕು. ಪರಿಚಯದ ಮೆಕ್ಯಾನಿಕ್ ಇದ್ದರೆ ಮೊದಲು ಅವನನ್ನು ಕೇಳಿ. ಮಿಕ್ಸರು, ಇಸ್ತ್ರಿಪೆಟ್ಟಿಗೆಗಳಿಗೆ ಮೂರು ಮಹಡಿ ಹತ್ತುವ ಕಾರಣವಿಲ್ಲ, ಪೇಟೆಯ ಸಣ್ಣ ಅಂಗಡಿಯಲ್ಲಿ ಅವೇ ಸಿಗುತ್ತವೆ. ಹೆಚ್ಚುವರಿ ವಾರಂಟಿಯನ್ನು ಬಿಲ್ಲಿಗೆ ಸೇರಿಸುವ ಮೊದಲು ಷರತ್ತುಗಳ ಹಾಳೆಯನ್ನು ಕೇಳಿ ಓದಿ. ನನಗೆ ಕೊಟ್ಟ ಹಾಳೆಯಲ್ಲಿ ತುಕ್ಕಿನಿಂದಾದ ಹಾನಿಗೆ ಅದು ಅನ್ವಯಿಸುವುದಿಲ್ಲವೆಂದು ಸಣ್ಣ ಅಕ್ಷರದಲ್ಲಿತ್ತು, ಕರಾವಳಿಯಲ್ಲಿ ಎಸಿ ಕೆಡುವುದು ಹೆಚ್ಚಾಗಿ ತುಕ್ಕಿನಿಂದಲೇ. ಬೇಡವೆಂದಾಗ ತಕರಾರು ಮಾಡದೆ ತೆಗೆದರು. ಎಸಿ ಕೊಳ್ಳುವವರು ಶಿವರಾತ್ರಿಗೆ ಮೊದಲೇ ಹೋಗುವುದು ಲೇಸು. ಏಪ್ರಿಲ್ ಹೊತ್ತಿಗೆ ಕೂಡಿಸುವ ಹುಡುಗರಿಗೆ ಬಿಡುವಿರುವುದಿಲ್ಲ, ಪಡುವಣ ಗೋಡೆಯೋ ಪೂರ್ವದ್ದೋ ಎಂದು ನಿಂತು ನೋಡುವಷ್ಟು ವ್ಯವಧಾನವೂ ಆಗ ಅವರಿಗೆ ಸಿಗುವುದಿಲ್ಲ.